ಚಿಪ್ಪು, ಪಳೆಯುಳಿಕೆ ಮತ್ತು ಸೈಟೇಶನ್ ಲೆಕ್ಕ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಬ್ಬ ವಿಜ್ಞಾನಿ ಎಷ್ಟು ಕೆಲಸ ಮಾಡಿದ್ದಾರೆ, ಆ ಕೆಲಸದಿಂದ ಏನಾಯಿತು ಎಂದು ಕೇಳಿದರೆ ಇವತ್ತು ಸಾಮಾನ್ಯವಾಗಿ ಮೂರು ಸಂಖ್ಯೆಗಳು ಉತ್ತರವಾಗಿ ಬರುತ್ತವೆ. ಪೇಪರ್ ಎಷ್ಟು, ಸೈಟೇಶನ್ ಎಷ್ಟು (ಅಂದರೆ ಬೇರೆ ಪೇಪರ್‌ಗಳು ಅವನ್ನು ಎಷ್ಟು ಸಲ ಉಲ್ಲೇಖಿಸಿವೆ), ಇವೆರಡನ್ನೂ ಸೇರಿಸಿ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಷ್ಟು. ಎಲ್ಲ ವಿಜ್ಞಾನಗಳಿಗೂ ಇದೇ ಲೆಕ್ಕ. ನಾನು ಇವತ್ತು ಎರಡು ವಿಜ್ಞಾನಗಳ ಬಗ್ಗೆ ಮಾತ್ರ ಮಾತಾಡುತ್ತೇನೆ. ಒಂದು ಇಕಾಲಜಿ, ಅಂದರೆ ಜೀವಿಗಳು ಒಂದರ ಜೊತೆ ಒಂದು, ತಮ್ಮ ಸುತ್ತಲಿನ ನೀರು ನೆಲದ ಜೊತೆ ಹೇಗೆ ಬದುಕುತ್ತವೆ ಎಂಬ ಅಧ್ಯಯನ. ಇನ್ನೊಂದು ಪಳೆಯುಳಿಕೆ ವಿಜ್ಞಾನ. ಈ ಎರಡು ಕ್ಷೇತ್ರಗಳಲ್ಲಿ ಆ ಮೂರು ಸಂಖ್ಯೆಗಳು ಹೇಳುವುದಕ್ಕಿಂತ ಬಿಟ್ಟುಬಿಡುವುದೇ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಅದನ್ನು ಉದಾಹರಣೆಗಳ ಮೂಲಕವೇ ಹೇಳುತ್ತೇನೆ.

ಗೀರಟ್ ವರ್ಮೇ ಅವರಿಂದ ಶುರು ಮಾಡೋಣ. ಈ ಎರಡೂ ವಿಜ್ಞಾನಗಳಲ್ಲಿ ಸಮನಾಗಿ ಓದಿಸಿಕೊಂಡವರು ಕಡಿಮೆ. ಅಂಥವರಲ್ಲಿ ಅವರೊಬ್ಬರು. 1946ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದರು. ಮೂರನೇ ವಯಸ್ಸಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಮುಂದೆ ಕುಟುಂಬ ಅಮೆರಿಕಕ್ಕೆ ಹೋಯಿತು. ಅಲ್ಲಿ ಶಾಲೆಯ ಟೀಚರ್ ಒಬ್ಬರು ಫ್ಲಾರಿಡಾದಿಂದ ತಂದಿದ್ದ ಚಿಪ್ಪುಗಳನ್ನು ಕಿಟಕಿಯ ಬಳಿ ಇಟ್ಟಿದ್ದರು. ಹುಡುಗ ಅವನ್ನು ಮುಟ್ಟಿ ನೋಡಿದ. ಅಲ್ಲಿಂದ ಹಿಡಿದ ಆಸಕ್ತಿ ಬಿಡಲೇ ಇಲ್ಲ. ಪಿಎಚ್‌ಡಿಗಾಗಿ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದಾಗ ಸಂದರ್ಶನ ಮಾಡಿದ ಪ್ರೊಫೆಸರ್‌ಗೆ ಅನುಮಾನವಿತ್ತು. ಮ್ಯೂಸಿಯಂ ಸಂಗ್ರಹಕ್ಕೆ ಕರೆದುಕೊಂಡು ಹೋಗಿ ಒಂದು ಚಿಪ್ಪನ್ನು ಕೈಗಿಟ್ಟು ಇದೇನು ಎಂದು ಕೇಳಿದರು. ವರ್ಮೇ ಅದರ ಹೆಸರು ಹೇಳಿದರು. ಇನ್ನೊಂದು ಕೊಟ್ಟರು. ಅದನ್ನೂ ಹೇಳಿದರು. ಸೀಟು ಸಿಕ್ಕಿತು. 1971ರಲ್ಲಿ ಪಿಎಚ್‌ಡಿ ಮುಗಿಯಿತು.

ಬೆರಳುಗಳಿಂದ ಚಿಪ್ಪನ್ನು ಓದುವ ಅಭ್ಯಾಸ ಅವರ ವಿಜ್ಞಾನಕ್ಕೂ ಒಂದು ದಿಕ್ಕು ಕೊಟ್ಟಿತು ಎಂದು ನನಗೆ ಅನಿಸುತ್ತದೆ. ನೋಡುವವರ ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಮುಟ್ಟುವವರಿಗೆ ಸಿಗುವುದು ದಪ್ಪ, ಉಬ್ಬು, ಮುಳ್ಳು, ಬಿರುಕು. ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ಅವರ ಕೈಗೆ ಒಡೆದ ಚಿಪ್ಪುಗಳು ಸಿಕ್ಕವು. ಒಡೆದದ್ದು ಏಡಿಗಳು. ಕೆಲವು ಏಡಿಗಳ ಒಂದು ಕೊಂಬು ಚಿಪ್ಪು ಒಡೆಯಲೆಂದೇ ಮಾಡಿದಂತಿರುತ್ತದೆ. ಅಲ್ಲಿನ ಕಡಲ ಬಸವನಹುಳುಗಳ ಚಿಪ್ಪು ಅಟ್ಲಾಂಟಿಕ್ ಕಡೆಯವಕ್ಕಿಂತ ಗಟ್ಟಿ, ಬಾಯಿ ಕಿರಿದು. ಬೇಟೆಗಾರ ಜೋರಾದ ಕಡೆ ಬೇಟೆಯ ಕೋಟೆಯೂ ಜೋರಾಗಿದೆ. ಇಲ್ಲಿಯವರೆಗೆ ಇದು ಇಕಾಲಜಿ. ವರ್ಮೇ ಮುಂದೆ ಕೇಳಿದ ಪ್ರಶ್ನೆ ಇದು: ಈ ಪೈಪೋಟಿ ಯಾವಾಗ ಶುರುವಾಯಿತು? ಅದಕ್ಕೆ ಉತ್ತರ ಪಳೆಯುಳಿಕೆಗಳಲ್ಲೇ ಹುಡುಕಬೇಕು, ಅಲ್ವಾ?

1977ರಲ್ಲಿ ‘ಪೇಲಿಯೋಬಯಾಲಜಿ’ ಎಂಬ ಜರ್ನಲ್‌ನಲ್ಲಿ ಅವರ ಪೇಪರ್ ಬಂತು. ಮೀಸೋಜೋಯಿಕ್ ಕಾಲದ ಕಡಲ ಕ್ರಾಂತಿ ಎಂಬುದು ಅದರ ವಿಷಯ. ಡೈನೋಸಾರ್‌ಗಳು ನೆಲದ ಮೇಲಿದ್ದ ಆ ಕಾಲದಲ್ಲಿ ಕಡಲಿನ ಒಳಗೂ ದೊಡ್ಡ ಬದಲಾವಣೆ ನಡೆಯಿತು. ಚಿಪ್ಪು ಒಡೆಯುವ ಏಡಿ, ಮೀನುಗಳು ಹೆಚ್ಚಾದವು. ಚಿಪ್ಪು ಕೊರೆಯುವ ಬಸವನಹುಳುಗಳೂ ಹೆಚ್ಚಾದವು. ಅದಕ್ಕೆ ತಕ್ಕಂತೆ ಸಡಿಲವಾಗಿ ಸುತ್ತಿಕೊಂಡ ದುರ್ಬಲ ಚಿಪ್ಪುಗಳು ಕಡಿಮೆಯಾದವು. ದಪ್ಪ ಗೋಡೆಯ, ಕಿರಿದಾದ ಬಾಯಿಯ, ಮುಳ್ಳಿನ ಚಿಪ್ಪುಗಳು ಹೆಚ್ಚಾದವು. 1981ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳ ಜೊತೆ ಇದಕ್ಕೆ ಇನ್ನೊಂದು ಸಾಕ್ಷಿ ತಂದರು. ಏಡಿಯ ಹಿಡಿತದಿಂದ ತಪ್ಪಿಸಿಕೊಂಡ ಬಸವನಹುಳು ತನ್ನ ಒಡೆದ ಚಿಪ್ಪನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ಆ ಗಾಯದ ಗುರುತು ಉಳಿಯುತ್ತದೆ. ಪಳೆಯುಳಿಕೆಯಲ್ಲೂ ಉಳಿಯುತ್ತದೆ! ಅಂದರೆ ಕೋಟಿಗಟ್ಟಲೆ ವರ್ಷಗಳ ಹಿಂದೆ ಸೋತುಹೋದ ಬೇಟೆಗಳನ್ನು ಇವತ್ತು ಎಣಿಸಬಹುದು. ನನಗೆ ಈ ವಿಜ್ಞಾನದಲ್ಲಿ ಇಷ್ಟು ಇಷ್ಟವಾದ ಸಾಕ್ಷಿ ಇನ್ನೊಂದಿಲ್ಲ.

ಈಗ ಲೆಕ್ಕಕ್ಕೆ ಬರೋಣ. 1977ರ ಆ ಪೇಪರ್‌ಗೆ ಸಾವಿರಕ್ಕೂ ಹೆಚ್ಚು ಸೈಟೇಶನ್‌ಗಳಿವೆ. ಸುಮಾರು ಐವತ್ತು ವರ್ಷವಾದರೂ ಹೊಸ ಪೇಪರ್‌ಗಳು ಅದನ್ನು ಉಲ್ಲೇಖಿಸುತ್ತಲೇ ಇವೆ. ಇನ್ನು ಜರ್ನಲ್‌ಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಹಿಂದಿನ ಎರಡು ವರ್ಷಗಳಲ್ಲಿ ಒಂದು ಜರ್ನಲ್ ಪ್ರಕಟಿಸಿದ ಪೇಪರ್‌ಗಳಿಗೆ ಈ ವರ್ಷ ಎಷ್ಟು ಸೈಟೇಶನ್ ಬಂತು ಎಂದು ಎಣಿಸುತ್ತಾರೆ. ಅದನ್ನು ಆ ಎರಡು ವರ್ಷಗಳ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಈ ಸೂತ್ರದ ಪ್ರಕಾರ ವರ್ಮೇ ಅವರ ಪೇಪರ್‌ಗೆ 1978ರಲ್ಲಿ ಮತ್ತು 1979ರಲ್ಲಿ ಬಂದ ಸೈಟೇಶನ್‌ಗಳಿಗೆ ಮಾತ್ರ ಬೆಲೆ. 1980ರಿಂದ ಈಚೆಗೆ ಬಂದದ್ದು ಯಾವುದೂ ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಸೇರುವುದೇ ಇಲ್ಲ.

ಎರಡು ವರ್ಷ ಕೆಲವು ಕ್ಷೇತ್ರಗಳಿಗೆ ಸರಿಹೋಗಬಹುದು. ಲ್ಯಾಬಿನಲ್ಲಿ ಕೆಲವು ತಿಂಗಳಲ್ಲಿ ಪ್ರಯೋಗ ಮುಗಿಸಿ ಬರೆಯುವವರಿದ್ದಾರೆ. ಪಳೆಯುಳಿಕೆ ಕೆಲಸ ಹಾಗಲ್ಲ. 1977ರ ಪೇಪರ್ ಓದಿ ಒಬ್ಬರಿಗೆ ಒಂದು ಯೋಚನೆ ಬಂತು ಎಂದುಕೊಳ್ಳಿ. ಅವರು ಸರಿಯಾದ ವಯಸ್ಸಿನ ಬಂಡೆ ಇರುವ ಜಾಗ ಹುಡುಕಬೇಕು. ಅನುಮತಿ ಬೇಕು, ಹಣ ಬೇಕು. ಅಗೆದು ತಂದದ್ದನ್ನು ಕಲ್ಲಿನಿಂದ ಬಿಡಿಸಬೇಕು. ಸೂಜಿಯಂಥ ಉಪಕರಣ ಹಿಡಿದು ಕೂತರೆ ಒಂದೊಂದು ತುಂಡಿಗೂ ವಾರಗಟ್ಟಲೆ ಹೋಗಬಹುದು. ಆಮೇಲೆ ಹೋಲಿಸಿ ನೋಡಲು ಬೇರೆ ಬೇರೆ ಮ್ಯೂಸಿಯಂಗಳಿಗೆ ಹೋಗಬೇಕು. ಅವರು ಬರೆದು ಮುಗಿಸುವ ಹೊತ್ತಿಗೆ ಆ ಎರಡು ವರ್ಷ ಯಾವಾಗಲೋ ಮುಗಿದಿರುತ್ತದೆ.

ಇಕಾಲಜಿಯಲ್ಲೂ ಇದೇ ಕಥೆ. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ದ್ವೀಪದಲ್ಲಿ ಫಿಂಚ್ ಹಕ್ಕಿಗಳ ಅಧ್ಯಯನ ಶುರು ಮಾಡಿದ್ದು 1973ರಲ್ಲಿ. 1977ರಲ್ಲಿ ಬರ ಬಂತು. ಸಣ್ಣ ಮೆತ್ತನೆಯ ಬೀಜ ಖಾಲಿಯಾಗಿ ದೊಡ್ಡ ಗಟ್ಟಿ ಬೀಜ ಮಾತ್ರ ಉಳಿಯಿತು. ಅದನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಹಕ್ಕಿಗಳು ಹೆಚ್ಚಾಗಿ ಬದುಕಿದವು. ಆ ಫಲಿತಾಂಶ ಅಚ್ಚಾದದ್ದು 1981ರಲ್ಲಿ. ಬರ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಕ್ಕಿಗಳ ಕೊಕ್ಕನ್ನು ವರ್ಷಾವರ್ಷ ಅಳೆದಿಟ್ಟಿದ್ದರಿಂದ ಅದು ಕಂಡಿತು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಹುಲ್ಲುಗಾವಲಿನ ಮೇಲಿನ ಪ್ರಯೋಗವೊಂದು 1856ರಿಂದ ನಡೆಯುತ್ತಲೇ ಇದೆ. ಶುರು ಮಾಡಿದವರು ತೀರಿಕೊಂಡು ಎಷ್ಟೋ ತಲೆಮಾರಾಯಿತು.

ಇನ್ನು ಎಚ್-ಇಂಡೆಕ್ಸ್. ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಅಳತೆ ಇದು. ಒಬ್ಬರ ಪೇಪರ್‌ಗಳನ್ನು ಸೈಟೇಶನ್ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ. 40, 25, 12, 6, 5, 3 ಎಂದಿದೆ ಎಂದುಕೊಳ್ಳಿ. ಐದು ಪೇಪರ್‌ಗಳಿಗೆ ಕನಿಷ್ಠ ಐದು ಸೈಟೇಶನ್ ಇದೆ. ಆರು ಪೇಪರ್‌ಗಳಿಗೆ ಕನಿಷ್ಠ ಆರು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ ಐದು. ಲೆಕ್ಕ ಸುಲಭ, ಅದಕ್ಕೇ ಬೇಗ ಹರಡಿತು. ಈಗ ಮೊದಲನೇ ಪೇಪರ್‌ಗೆ 40ರ ಬದಲು 2000 ಸೈಟೇಶನ್ ಇದ್ದರೆ? ಎಚ್-ಇಂಡೆಕ್ಸ್ ಆಗಲೂ ಐದೇ. ಕ್ಷೇತ್ರವನ್ನೇ ತಿರುಗಿಸಿದ ಒಂದು ಪೇಪರ್ ಬರೆದವರಿಗೂ ಸಾಧಾರಣ ಪೇಪರ್ ಬರೆದವರಿಗೂ ಒಂದೇ ಅಂಕ. ಇನ್ನೊಂದು ವಿಷಯ. ಈ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ವಯಸ್ಸಾದಂತೆ ಏರುತ್ತದೆ ಅಥವಾ ನಿಲ್ಲುತ್ತದೆ. ಮೂವತ್ತರ ಹರೆಯದವರನ್ನು ಅರವತ್ತು ದಾಟಿದವರ ಪಕ್ಕ ಇಟ್ಟು ಹೋಲಿಸಿದರೆ ಅದಕ್ಕೆ ಅರ್ಥವೇ ಇಲ್ಲ. ಈ ಅಳತೆಯಿಂದ ಕೆಟ್ಟ ಪರಿಣಾಮಗಳೂ ಆಗಿವೆ ಎಂದು 2020ರಲ್ಲಿ ಹಿರ್ಷ್ ಅವರೇ ಬರೆದರು.

ಒಬ್ಬರೇ ವ್ಯಕ್ತಿಯ ಎಚ್-ಇಂಡೆಕ್ಸ್ ಒಂದೊಂದು ಕಡೆ ಒಂದೊಂದು ಥರ ಕಾಣುವುದೂ ಉಂಟು. ಗೂಗಲ್ ಸ್ಕಾಲರ್ ಪುಸ್ತಕ, ಥೀಸಿಸ್ ಎಲ್ಲವನ್ನೂ ಎಣಿಸುತ್ತದೆ. ಸೈಟೇಶನ್ ಎಣಿಸುವ ಇನ್ನೊಂದು ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ನಲ್ಲಿ ಆಯ್ದ ಜರ್ನಲ್‌ಗಳೇ ಮುಖ್ಯ. ಪಳೆಯುಳಿಕೆ ವಿಜ್ಞಾನದಲ್ಲಿ ದೊಡ್ಡ ಕೆಲಸಗಳು ಎಷ್ಟೋ ಸಲ ಮ್ಯೂಸಿಯಂ ಬುಲೆಟಿನ್‌ಗಳಲ್ಲಿ, ಒಂದೇ ಗುಂಪಿನ ಬಗ್ಗೆ ಬರೆದ ದಪ್ಪ ಮಾನೋಗ್ರಾಫ್‌ಗಳಲ್ಲಿ ಬಂದಿವೆ. ಅವು ಎರಡನೇ ಲೆಕ್ಕದಲ್ಲಿ ಸಿಗದೇ ಹೋಗುವುದು ಸಾಮಾನ್ಯ.

ಸೈಟೇಶನ್ ಎಣಿಸುವ ಪದ್ಧತಿ ಹುಟ್ಟಿದ್ದು ಜನರನ್ನು ಅಳೆಯಲು ಅಲ್ಲ. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಯೋಚನೆ ಮುಂದಿಟ್ಟರು. ಅಮೆರಿಕದ ವಕೀಲರು ಒಂದು ಹಳೆಯ ತೀರ್ಪನ್ನು ಮುಂದೆ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ಹುಡುಕಲು ಒಂದು ಸೂಚಿ ಬಳಸುತ್ತಿದ್ದರು. ವಿಜ್ಞಾನಕ್ಕೂ ಅಂಥದ್ದು ಬೇಕು ಎಂದರು ಗಾರ್ಫೀಲ್ಡ್. ಒಂದು ಪೇಪರ್ ಹಿಡಿದು ಅದರ ನಂತರ ಆ ವಿಷಯದಲ್ಲಿ ಏನೇನು ನಡೆಯಿತು ಎಂದು ಹುಡುಕುವ ದಾರಿ ಅದು. ಹುಡುಕಲು ಅದು ಇವತ್ತಿಗೂ ಅದ್ಭುತ ಸಾಧನ. ಮುಂದೆ ನಾನು ಹೇಳುವುದನ್ನು ಕೇಳಿ ಸೈಟೇಶನ್ ಬೇಡವೇ ಬೇಡ ಎಂದು ತಿಳಿಯಬೇಡಿ.

ಈಗ ನನ್ನ ಮುಖ್ಯ ಮಾತು. ಈ ಎರಡು ವಿಜ್ಞಾನಗಳು ಯಾವುದರ ಮೇಲೆ ನಿಂತಿವೆಯೋ ಆ ಕೆಲಸ ಬಹುಪಾಲು ಎಣಿಕೆಗೆ ಬರುವುದೇ ಇಲ್ಲ.

ಪ್ರಭೇದಗಳ ಹೆಸರನ್ನೇ ತೆಗೆದುಕೊಳ್ಳಿ. ಒಂದು ಹೊಸ ಪ್ರಭೇದವನ್ನು ವಿವರಿಸುವುದು ಎಂದರೆ ಅದರ ಹತ್ತಿರದ ಎಲ್ಲ ಪ್ರಭೇದಗಳನ್ನೂ ನೋಡಿರಬೇಕು. ನೂರು ವರ್ಷ ಹಳೆಯ ಬರಹಗಳನ್ನು ಓದಿರಬೇಕು. ಮಾದರಿಯನ್ನು ಮ್ಯೂಸಿಯಂನಲ್ಲಿ ಇಡಬೇಕು. ಒಮ್ಮೆ ಹೆಸರು ಬಂತು ಎಂದರೆ ಮುಂದೆ ಎಲ್ಲರೂ ಅದನ್ನು ಬಳಸುತ್ತಾರೆ. ಇಕಾಲಜಿಯ ಪೇಪರ್ ಒಂದರಲ್ಲಿ ಐವತ್ತು ಪ್ರಭೇದಗಳ ಪಟ್ಟಿ ಇರಬಹುದು. ಆದರೆ ಆ ಐವತ್ತಕ್ಕೂ ಹೆಸರಿಟ್ಟವರ ಬರಹ ಕೊನೆಯ ಆಕರ ಪಟ್ಟಿಯಲ್ಲಿ ಇರುವುದಿಲ್ಲ. ‘ಹೋಮೋ ಸೇಪಿಯನ್ಸ್ ಲಿನೇಯಸ್, 1758’ ಎಂದು ಬರೆದದ್ದನ್ನು ನೀವು ನೋಡಿರಬಹುದು. ಹಾಗೆ ಹೆಸರಿನ ಪಕ್ಕ ಹೆಸರಿಟ್ಟವರನ್ನು, ವರ್ಷವನ್ನು ಬರೆಯುವ ಪದ್ಧತಿ ಇದೆ. ಆದರೆ ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಐಚ್ಛಿಕ. ಬರೆದರೂ ಅದು ಸೈಟೇಶನ್ ಆಗಿ ಲೆಕ್ಕಕ್ಕೆ ಸೇರುವುದಿಲ್ಲ, ಯಾಕೆಂದರೆ ಕಂಪ್ಯೂಟರ್ ಎಣಿಸುವುದು ಕೊನೆಯ ಪಟ್ಟಿಯನ್ನು ಮಾತ್ರ. ಹೀಗೆ ಜಗತ್ತಿನಾದ್ಯಂತ ದಿನವೂ ಬಳಕೆಯಾಗುವ ಕೆಲಸಕ್ಕೆ ಸೊನ್ನೆ ಅಂಕ ಬೀಳುತ್ತದೆ.

ಇನ್ನೊಂದು ಮಟ್ಟದಲ್ಲೂ ಇದು ನಡೆಯುತ್ತದೆ. ಪಳೆಯುಳಿಕೆ ವಿಜ್ಞಾನಿ ಜ್ಯಾಕ್ ಸೆಪ್ಕೋಸ್ಕಿ ಗ್ರಂಥಾಲಯಗಳಲ್ಲಿ ಕೂತು ಕಡಲ ಪ್ರಾಣಿಗಳ ಪಳೆಯುಳಿಕೆಗಳ ಬಗ್ಗೆ ಬಂದ ಬರಹಗಳನ್ನು ವರ್ಷಗಟ್ಟಲೆ ಜಾಲಾಡಿದರು. ಯಾವ ಕುಟುಂಬ ಯಾವ ಕಾಲದಲ್ಲಿ ಮೊದಲು ಕಾಣಿಸಿತು, ಯಾವಾಗ ಕಣ್ಮರೆಯಾಯಿತು ಎಂದು ಪಟ್ಟಿ ಮಾಡಿದರು. 1982ರಲ್ಲಿ ಡೇವಿಡ್ ರಾಪ್ ಜೊತೆ ಸೇರಿ ಅವರು ಪ್ರಕಟಿಸಿದ ಪೇಪರ್‌ನಿಂದಲೇ ಐದು ದೊಡ್ಡ ಸಾಮೂಹಿಕ ಅಳಿವುಗಳ ಚಿತ್ರ ಗಟ್ಟಿಯಾಯಿತು. ಕುಲಗಳ, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳ, ಮಟ್ಟದ ಅವರ ಪಟ್ಟಿ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 2002ರಲ್ಲಿ. ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕುಲಗಳಿವೆ. ಸೆಪ್ಕೋಸ್ಕಿಗೆ ಸಿಕ್ಕ ಸೈಟೇಶನ್ ನ್ಯಾಯವಾದದ್ದೇ. ಆ ಬುದ್ಧಿ, ಆ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆದರೆ ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಯಾರೋ ಬಂಡೆಯ ಮುಂದೆ ಕೂತು ಮಾಡಿದ ಕೆಲಸ ಇದೆ. ಪಟ್ಟಿಯನ್ನು ಉಲ್ಲೇಖಿಸಿದವರು ಅವರನ್ನು ಉಲ್ಲೇಖಿಸಲಿಲ್ಲ. ಈಗಿನ ದೊಡ್ಡ ಡೇಟಾಬೇಸ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಮೂಲ ಬರಹಗಳ ಸಾವಿರಾರು ಉಲ್ಲೇಖಗಳನ್ನು ಪೇಪರ್‌ನ ಪೂರಕ ಫೈಲಿನಲ್ಲಿ ಹಾಕುತ್ತಾರೆ. ಪೂರಕ ಫೈಲನ್ನು ಸೈಟೇಶನ್ ಸೂಚಿಗಳು ಸಾಮಾನ್ಯವಾಗಿ ಓದುವುದಿಲ್ಲ.

ಮ್ಯೂಸಿಯಂ ಸಂಗ್ರಹಗಳ ಮಾತು ಬಂತು. ಒಂದು ಇಕಾಲಜಿಯ ಉದಾಹರಣೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಪೆರೆಗ್ರಿನ್ ಡೇಗೆಗಳ ಸಂಖ್ಯೆ ಕುಸಿಯಿತು. ಗೂಡಿನಲ್ಲೇ ಮೊಟ್ಟೆ ಒಡೆಯುತ್ತಿದ್ದವು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆ ಚಿಪ್ಪುಗಳನ್ನು ತೂಗಿ ಅಳೆದರು. 1940ರ ದಶಕದ ಕೊನೆಯ ಹೊತ್ತಿಗೆ ಚಿಪ್ಪು ಇದ್ದಕ್ಕಿದ್ದಂತೆ ತೆಳುವಾಗಿತ್ತು. ಡಿಡಿಟಿಯಂಥ ಕೀಟನಾಶಕಗಳು ಬಳಕೆಗೆ ಬಂದ ಕಾಲ ಅದು. 1967ರಲ್ಲಿ ‘ನೇಚರ್’ನಲ್ಲಿ ಬಂದ ಆ ಪೇಪರ್ ಡಿಡಿಟಿ ವಿರುದ್ಧದ ಸಾಕ್ಷಿಗಳಲ್ಲಿ ಬಹಳ ಮುಖ್ಯವಾಯಿತು. 1972ರಲ್ಲಿ ಅಮೆರಿಕ ಅದರ ಬಳಕೆಯನ್ನು ಬಹುತೇಕ ನಿಷೇಧಿಸಿತು. ಆ ಮೊಟ್ಟೆಗಳನ್ನು ಕೂಡಿಟ್ಟವರಿಗೆ, ಪೆಟ್ಟಿಗೆಯ ಮೇಲೆ ದಿನಾಂಕ ಬರೆದಿಟ್ಟವರಿಗೆ ಅವು ಮುಂದೆ ಡಿಡಿಟಿ ವಿರುದ್ಧ ಸಾಕ್ಷಿಯಾಗುತ್ತವೆ ಎಂದು ಗೊತ್ತಿರಲಿಲ್ಲ. ದಿನಾಂಕ ಬರೆಯದೇ ಹೋಗಿದ್ದರೆ ಆ ಪೇಪರ್ ಇರುತ್ತಿರಲಿಲ್ಲ.

ಇನ್ನು ಅತಿ ಹೆಚ್ಚು ಎಣಿಕೆಯಾಗುವ ಕೆಲಸ ಯಾವುದು? ವಿಧಾನಗಳು, ಸಾಫ್ಟ್‌ವೇರ್. 2001ರಲ್ಲಿ ಹ್ಯಾಮರ್, ಹಾರ್ಪರ್, ರಯಾನ್ ಎಂಬ ಮೂವರು ಪಳೆಯುಳಿಕೆ ವಿಜ್ಞಾನಕ್ಕಾಗಿ ‘ಪಾಸ್ಟ್’ ಎಂಬ ಅಂಕಿಅಂಶದ ಸಾಫ್ಟ್‌ವೇರ್ ಕೊಟ್ಟರು. ಉಚಿತ, ಬಳಸಲು ಸುಲಭ. ಅದರ ಬಗ್ಗೆ ಒಂದು ಪೇಪರ್ ಬರೆದರು. ಆ ಪೇಪರ್‌ಗೆ ಹತ್ತಾರು ಸಾವಿರ ಸೈಟೇಶನ್‌ಗಳಿವೆ. ಉಲ್ಲೇಖಿಸಿದವರಲ್ಲಿ ಪಳೆಯುಳಿಕೆಯನ್ನು ಮುಟ್ಟಿಯೂ ನೋಡದವರು ತುಂಬಾ ಜನ. ಕೀಟ, ಮಣ್ಣು, ಮೀನು, ಗಿಡಗಳ ಇಕಾಲಜಿ ಮಾಡುವವರು ಅದನ್ನು ಬಳಸುತ್ತಾರೆ. ನನಗೆ ಇದು ಸಂತೋಷದ ಸುದ್ದಿ. ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದ ಎಷ್ಟೋ ವಿದ್ಯಾರ್ಥಿಗಳಿಗೆ ಅದು ದಾರಿಯಾಯಿತು. ಆದರೆ ಆ ಸಂಖ್ಯೆಯನ್ನು ಹಿಡಿದು, ಹತ್ತು ವರ್ಷ ಕೂತು ಒಂದು ಗುಂಪಿನ ಪಳೆಯುಳಿಕೆಗಳನ್ನು ವಿವರಿಸಿದವರ ಮುಂದಿಟ್ಟು ನಿಮ್ಮದು ಇಷ್ಟೇನಾ ಎಂದು ಕೇಳಿದರೆ ಅದು ಅನ್ಯಾಯ. ಸಾಫ್ಟ್‌ವೇರ್ ಬಳಸಿದರೆ ಉಲ್ಲೇಖಿಸಬೇಕು ಎಂಬ ಪದ್ಧತಿ ಇದೆ. ಪ್ರಭೇದದ ಹೆಸರು ಬಳಸಿದರೆ ಉಲ್ಲೇಖಿಸಬೇಕು ಎಂಬ ಪದ್ಧತಿ ಇಲ್ಲ. ಅಂಕದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದರಿಂದಲೇ ಬಂದದ್ದು.

ಸೈಟೇಶನ್ ಎಂದರೆ ಒಪ್ಪಿಗೆ ಎಂದು ತಿಳಿಯುವವರೂ ಇದ್ದಾರೆ. ಅವರಿಗೆ ನಾನು ಹ್ಯಾಲುಸಿಜೀನಿಯಾದ ಕಥೆ ಹೇಳುತ್ತೇನೆ. ಚಾರ್ಲ್ಸ್ ವಾಲ್ಕಾಟ್ 1909ರಲ್ಲಿ ಕೆನಡಾದ ಬೆಟ್ಟಗಳಲ್ಲಿ ಬರ್ಜೆಸ್ ಶೇಲ್ ಪಳೆಯುಳಿಕೆಗಳನ್ನು ಕಂಡುಕೊಂಡರು. 65,000ದಷ್ಟು ಮಾದರಿಗಳು ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದವು. 1911ರಲ್ಲಿ ಒಂದು ಸಣ್ಣ ಪ್ರಾಣಿಯನ್ನು ಅವರು ಹುಳುವಿನ ಜಾತಿ ಎಂದು ವಿವರಿಸಿದರು. 1977ರಲ್ಲಿ ಸೈಮನ್ ಕಾನ್ವೇ ಮಾರಿಸ್ ಅದನ್ನು ಮತ್ತೆ ನೋಡಿ ಇದು ಬೇರೆಯೇ ಪ್ರಾಣಿ ಎಂದು ಹ್ಯಾಲುಸಿಜೀನಿಯಾ ಎಂದು ಹೆಸರಿಟ್ಟರು. ಗಟ್ಟಿ ಮುಳ್ಳುಗಳ ಮೇಲೆ ನಡೆಯುವ, ಬೆನ್ನ ಮೇಲೆ ಮೆತ್ತನೆಯ ಬಳ್ಳಿಗಳಿರುವ ಪ್ರಾಣಿಯಂತೆ ಚಿತ್ರಿಸಿದರು. 1991ರಲ್ಲಿ ರಾಮ್‌ಶೋಲ್ಡ್ ಮತ್ತು ಹೌ ಅದನ್ನು ತಲೆಕೆಳಗು ಮಾಡಿದರು. ಮುಳ್ಳು ಇರುವುದು ಬೆನ್ನ ಮೇಲೆ, ಮೆತ್ತನೆಯವು ಕಾಲುಗಳು! 2015ರಲ್ಲಿ ಸ್ಮಿತ್ ಮತ್ತು ಕ್ಯಾರನ್ ನಿಜವಾದ ತಲೆ ಯಾವ ಕಡೆ ಇದೆ ಎಂದು ತೋರಿಸಿದರು. ಅಲ್ಲಿಯವರೆಗೆ ತಲೆ ಎಂದುಕೊಂಡಿದ್ದದ್ದು ಸತ್ತಾಗ ಹೊರಬಂದ ದ್ರವದ ಕಲೆ.

ಇಲ್ಲಿ ಪ್ರತಿ ಪೇಪರ್ ಹಿಂದಿನದನ್ನು ಉಲ್ಲೇಖಿಸಿತು, ಅದನ್ನು ತಿದ್ದಿತು. 1977ರ ಪೇಪರ್‌ನ ಸೈಟೇಶನ್ ಏರುತ್ತಾ ಹೋಯಿತು. ಹಾಗಂತ ಅದು ಕೆಟ್ಟ ಪೇಪರ್ ಅಲ್ಲ. ಪ್ರಾಣಿಯನ್ನು ಬಿಡಿಸಿ, ಅಳೆದು, ಚಿತ್ರ ಬರೆದು ಎಲ್ಲರ ಮುಂದಿಟ್ಟಿದ್ದರಿಂದಲೇ ತಿದ್ದಲು ಸಾಧ್ಯವಾಯಿತು. ಸಂಖ್ಯೆ ಇದ್ಯಾವುದನ್ನೂ ಹೇಳುವುದಿಲ್ಲ. ಒಪ್ಪಿದವರು, ತಿದ್ದಿದವರು, ಓದದೇ ಹೆಸರು ಹಾಕಿದವರು ಎಲ್ಲರೂ ಒಂದೊಂದು ಅಂಕ.

ಓದದೇ ಹೆಸರು ಹಾಕುವುದು ಎಂದೆ. ಅದು ಇಕಾಲಜಿಯಲ್ಲಿ ಜಾಸ್ತಿಯೇ ಇದೆ. ರಾಬರ್ಟ್ ಪೇಯ್ನ್ ವಾಷಿಂಗ್ಟನ್ ರಾಜ್ಯದ ಮಕಾ ಬೇ ತೀರದಲ್ಲಿ ಬಂಡೆಗಳ ಮೇಲಿನ ನಕ್ಷತ್ರ ಮೀನುಗಳನ್ನು ತೆಗೆದು ತೆಗೆದು ಕಡಲಿಗೆ ಎಸೆದರು. ಕಪ್ಪೆಚಿಪ್ಪಿನ ಜೀವಿಗಳು ಜಾಗವನ್ನೆಲ್ಲ ಆಕ್ರಮಿಸಿದವು. ಅಲ್ಲಿದ್ದ 15 ಪ್ರಭೇದಗಳು 8ಕ್ಕೆ ಇಳಿದವು. ಇದು 1966ರ ಪೇಪರ್. ಒಂದೇ ಬೇಟೆಗಾರ ಪ್ರಾಣಿ ಇಡೀ ಸಮುದಾಯವನ್ನು ಹಿಡಿದಿಟ್ಟಿರಬಹುದು ಎಂದು ಕೈಯಿಂದ ಮಾಡಿ ತೋರಿಸಿದ ಕೆಲಸ. ಅದಕ್ಕೆ ಎಷ್ಟು ಸೈಟೇಶನ್ ಬಂದರೂ ಕಡಿಮೆಯೇ. ಆದರೆ ಎಷ್ಟೋ ಜನ ಅಂಥ ಪ್ರಾಣಿಗೆ ಹೇಳುವ ಕೀಸ್ಟೋನ್ ಪ್ರಭೇದ ಎಂಬ ಹೆಸರಿಗೆ ಈ ಪೇಪರ್ ಉಲ್ಲೇಖಿಸುತ್ತಾರೆ. ಪೇಯ್ನ್ ಆ ಹೆಸರು ಕೊಟ್ಟದ್ದು 1969ರ ಇನ್ನೊಂದು ಪುಟ್ಟ ಬರಹದಲ್ಲಿ.

ಲೇಖಕರ ಸಂಖ್ಯೆಯ ಪ್ರಶ್ನೆಯನ್ನೂ ಬೇಗ ಹೇಳಿಬಿಡುತ್ತೇನೆ. 2001ರಲ್ಲಿ ಜೆರೆಮಿ ಜ್ಯಾಕ್ಸನ್ ಮತ್ತು ಸಂಗಡಿಗರು ‘ಸೈನ್ಸ್’ನಲ್ಲಿ ಒಂದು ಪೇಪರ್ ಬರೆದರು. ಪಳೆಯುಳಿಕೆ, ಪುರಾತತ್ವ, ಹಳೆಯ ದಾಖಲೆ, ಈಗಿನ ಇಕಾಲಜಿ ನಾಲ್ಕನ್ನೂ ಸೇರಿಸಿ ನೋಡಿದರು. ಕರಾವಳಿಯ ಕಡಲನ್ನು ಮನುಷ್ಯ ಕೆಡಿಸಿದ್ದರಲ್ಲಿ ಮಿತಿಮೀರಿದ ಬೇಟೆ ಮತ್ತು ಮೀನುಗಾರಿಕೆಯೇ ಮೊದಲು, ಮಾಲಿನ್ಯವೆಲ್ಲ ಆಮೇಲೆ ಎಂದರು. ಎರಡೂ ಕ್ಷೇತ್ರಗಳಲ್ಲಿ ಸಾವಿರಾರು ಸಲ ಉಲ್ಲೇಖವಾದ ಪೇಪರ್ ಅದು. ಲೇಖಕರು 19 ಜನ. ಪ್ರತಿಯೊಬ್ಬರ ಪ್ರೊಫೈಲಿನಲ್ಲೂ ಪೂರ್ತಿ ಸೈಟೇಶನ್ ಕಾಣುತ್ತದೆ. ಇಂಥ ಪೇಪರ್ 19 ಜನರೂ ಇಲ್ಲದೆ ಆಗುತ್ತಿರಲಿಲ್ಲ, ಅದು ನಿಜ. ಆದರೆ ಒಬ್ಬರೇ ಕೂತು ಬರೆದ ವರ್ಮೇ ಅವರ 1977ರ ಪೇಪರ್ ಪಕ್ಕ ಇಟ್ಟು ಸಂಖ್ಯೆ ಹೋಲಿಸುವುದು ಸರಿಯಲ್ಲ.

ಸಣ್ಣ ಕ್ಷೇತ್ರಗಳಿಗೆ ಇನ್ನೊಂದು ತೊಂದರೆ. ಒಂದು ಗುಂಪಿನ ಪ್ರಾಣಿಗಳ ಬಗ್ಗೆ ಜಗತ್ತಿನಲ್ಲಿ ಬಲ್ಲವರು ಬೆರಳೆಣಿಕೆಯಷ್ಟು ಜನ ಇರಬಹುದು. ಅವರು ತಮ್ಮದೇ ಹಳೆಯ ಕೆಲಸ ಉಲ್ಲೇಖಿಸದೆ ಬರೆಯುವುದು ಹೇಗೆ? ಹೊಸ ಪ್ರಭೇದಗಳನ್ನು ಪ್ರಕಟಿಸುವ ಬಹುದೊಡ್ಡ ಜರ್ನಲ್ ‘ಝೂಟ್ಯಾಕ್ಸಾ’. ಅದರಲ್ಲಿ ಬರುವ ಪೇಪರ್‌ಗಳು ಅದೇ ಜರ್ನಲ್‌ನ ಹಳೆಯ ಪೇಪರ್‌ಗಳನ್ನು ಜಾಸ್ತಿ ಉಲ್ಲೇಖಿಸುತ್ತವೆ ಎಂದು 2020ರಲ್ಲಿ ಅದನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ತೆಗೆದರು. ವರ್ಗೀಕರಣ ಮಾಡುವವರು ಜಗತ್ತಿನ ಎಲ್ಲ ಕಡೆಯಿಂದ ಪ್ರತಿಭಟಿಸಿದರು. ಸ್ವಲ್ಪ ದಿನದಲ್ಲೇ ವಾಪಸ್ ಸೇರಿಸಿದರು. ಆ ನಡುವೆ ಎಷ್ಟು ಆತಂಕ ಇತ್ತು ಎಂದು ಊಹಿಸಿ. ಕೆಲಸ, ಬಡ್ತಿ, ಅನುದಾನ ಎಲ್ಲ ಆ ಸಂಖ್ಯೆಗೆ ಕಟ್ಟಿಹಾಕಿದ ಕಡೆ ಒಂದು ಪಟ್ಟಿಯಿಂದ ಹೆಸರು ಹೋದರೆ ಒಂದು ತಲೆಮಾರಿನ ಯುವ ಸಂಶೋಧಕರ ಕೆಲಸಕ್ಕೇ ಬೆಲೆ ಇಲ್ಲದಂತಾಗುತ್ತದೆ.

ಕೊನೆಯದಾಗಿ, ಯಾರ ಹೆಸರಿಗೆ ಸೈಟೇಶನ್ ಹೋಗುತ್ತದೆ ಎಂಬುದು. ಪಳೆಯುಳಿಕೆಗಳ ಜಾಗತಿಕ ಡೇಟಾಬೇಸ್ ಒಂದರ ಮೂವತ್ತು ವರ್ಷಗಳ ಮಾಹಿತಿಯನ್ನು ನುಸೈಬಾ ರಾಜಾ ಮತ್ತು ಸಂಗಡಿಗರು ಪರಿಶೀಲಿಸಿದರು. ಅವರ ಅಧ್ಯಯನದ ಪ್ರಕಾರ ಆ ಮಾಹಿತಿಯಲ್ಲಿ ಶೇ. 97ರಷ್ಟು ಬಂದದ್ದು ಹೆಚ್ಚಿನ ಮತ್ತು ಮೇಲ್ಮಧ್ಯಮ ಆದಾಯದ ದೇಶಗಳ ಸಂಶೋಧಕರಿಂದ. ಪಳೆಯುಳಿಕೆ ಸಿಗುವ ನೆಲ ಒಂದು ಕಡೆ, ಪೇಪರ್‌ನ ಮೇಲಿನ ಹೆಸರು ಇನ್ನೊಂದು ಕಡೆ. ಬಂಡೆ ಎಲ್ಲಿದೆ ಎಂದು ತೋರಿಸಿದ, ದಾರಿ ಹೇಳಿದ, ಹೊತ್ತು ತಂದ ಸ್ಥಳೀಯರ ಹೆಸರು ಎಷ್ಟೋ ಸಲ ಕೃತಜ್ಞತೆಯ ಸಾಲಿನಲ್ಲೂ ಇರುವುದಿಲ್ಲ.

ಪ್ರಶ್ನೋತ್ತರದಿಂದ

ಉಪನ್ಯಾಸದ ನಂತರ ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: ನೂರು ಅರ್ಜಿ ಬಂದಾಗ ಎಲ್ಲರ ಪೇಪರ್ ಓದುತ್ತಾ ಕೂರಲು ಆಗುತ್ತದೆಯೇ? ಸಂಖ್ಯೆ ಬೇಕಲ್ಲವೇ?

ನೂರನ್ನೂ ಪೂರ್ತಿ ಓದಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಅರ್ಜಿದಾರರಿಂದಲೇ ಅವರ ಮುಖ್ಯ ಕೆಲಸ ಮೂರೋ ನಾಲ್ಕೋ ಆರಿಸಿ ಕೊಡಿ, ಅದರಿಂದ ಏನಾಯಿತು ಎಂದು ಒಂದು ಪುಟ ಬರೆಯಿರಿ ಎಂದು ಕೇಳಬಹುದು. ಅದನ್ನು ಓದಲು ಆಗುತ್ತದೆ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಎಂದು ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಲ್ಲೇ ಹೇಳಿದೆ. ಸಾವಿರಾರು ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. 2015ರ ಲೈಡನ್ ಪ್ರಣಾಳಿಕೆಯೂ ತಜ್ಞರು ಓದಿ ಕೊಡುವ ತೀರ್ಮಾನಕ್ಕೆ ಸಂಖ್ಯೆ ನೆರವಾಗಬೇಕು, ಅದರ ಜಾಗಕ್ಕೆ ಬರಬಾರದು ಎನ್ನುತ್ತದೆ. ಸಂಖ್ಯೆ ನೋಡಲೇಬೇಕು ಎಂದರೆ ಒಂದೇ ಕ್ಷೇತ್ರದ, ಒಂದೇ ವಯೋಮಾನದ ಕೆಲಸವನ್ನು ಪಕ್ಕಪಕ್ಕ ಇಡಿ. ಸಾಫ್ಟ್‌ವೇರ್ ಪೇಪರ್, ಹಳೆಯ ಕೆಲಸಗಳನ್ನು ಒಟ್ಟು ಮಾಡಿ ಬರೆದ ವಿಮರ್ಶಾ ಪೇಪರ್, ಪ್ರಭೇದ ವಿವರಿಸಿದ ಪೇಪರ್ ಇವುಗಳನ್ನು ಬೇರೆ ಬೇರೆ ಮಾಡಿ ನೋಡಿ. ಆಮೇಲೆ ಉಲ್ಲೇಖಿಸಿದ ಪೇಪರ್‌ಗಳಲ್ಲಿ ಐದಾರನ್ನಾದರೂ ತೆರೆದು ಯಾವ ಸಾಲಿನಲ್ಲಿ, ಯಾಕೆ ಉಲ್ಲೇಖಿಸಿದ್ದಾರೆ ಎಂದು ಓದಿ. ಅರ್ಧ ಗಂಟೆಯ ಕೆಲಸ. ಅದರಲ್ಲಿ ಸಿಗುವಷ್ಟು ಮಾಹಿತಿ ಎಚ್-ಇಂಡೆಕ್ಸ್‌ನಲ್ಲಿ ಸಿಗುವುದಿಲ್ಲ.

ಇನ್ನೊಬ್ಬರು ವಿದ್ಯಾರ್ಥಿನಿ. ಪ್ರಭೇದ ವಿವರಿಸುವ ಕೆಲಸ ತನಗೆ ಇಷ್ಟ, ಆದರೆ ಸೈಟೇಶನ್ ಬರುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ, ಏನು ಮಾಡಲಿ ಎಂದರು.

ನಾನು ಅವರಿಗೆ ಹೇಳಿದ್ದು ಇಷ್ಟು. ಆ ಭಯ ಸುಳ್ಳಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಆದರೂ ಆ ಕೆಲಸ ಬಿಡಬೇಡಿ. ನಿಮ್ಮ ಮಾದರಿಗಳಿಗೆ ಮ್ಯೂಸಿಯಂ ಸಂಖ್ಯೆ ಇರಲಿ. ಆ ಸಂಖ್ಯೆ ಪೇಪರ್‌ನಲ್ಲಿ ಬರಲಿ. ನಿಮ್ಮ ಅಳತೆಗಳ ಪಟ್ಟಿಯನ್ನು ಡಿಒಐ, ಅಂದರೆ ಆನ್‌ಲೈನ್‌ನಲ್ಲಿ ಬದಲಾಗದ ಗುರುತಿನ ಸಂಖ್ಯೆ, ಸಿಗುವ ಕಡೆ ಪ್ರತ್ಯೇಕವಾಗಿ ಇಡಿ. ಆಗ ಬಳಸಿದವರು ಅದನ್ನೇ ಉಲ್ಲೇಖಿಸಬಹುದು, ಎಣಿಕೆಗೂ ಬರುತ್ತದೆ. ನೀವು ಬೇರೆಯವರ ಪ್ರಭೇದದ ಹೆಸರು ಬಳಸುವಾಗ ಹೆಸರಿಟ್ಟವರ ಬರಹವನ್ನು ಆಕರ ಪಟ್ಟಿಗೆ ಸೇರಿಸಿ, ಪೂರಕ ಫೈಲಿಗೆ ತಳ್ಳಬೇಡಿ. ಜಾಗ ಇಲ್ಲ ಎಂದು ಸಂಪಾದಕರು ಹೇಳಿದರೆ ಒಮ್ಮೆ ವಾದ ಮಾಡಿ ನೋಡಿ. ಎಷ್ಟೋ ಜರ್ನಲ್‌ಗಳು ಈಗ ಆನ್‌ಲೈನ್‌ನಲ್ಲಿ ಮಾತ್ರ ಬರುತ್ತವೆ, ಪುಟದ ಮಿತಿ ಮೊದಲಿನಷ್ಟು ಬಿಗಿಯಾಗಿಲ್ಲ.